ಸಮಾಜಮಂದಿರದ ಗೋಡೆಯ ಮೇಲೆ ಮಕ್ಕಳ ಚಿತ್ರಗಳು

ವಿಗ್ರಹವನ್ನು ಮಾಡಕೂಡದು, ಅದಕ್ಕೆ ಅಡ್ಡಬೀಳಕೂಡದು ಎಂಬುದು ಮೋಶೆಯ ಹತ್ತು ಆಜ್ಞೆಗಳಲ್ಲೊಂದು. ಅದನ್ನು ತಲತಲಾಂತರದಿಂದ ಶಿರಸಾ ವಹಿಸಿದ ಯೆಹೂದ್ಯರು ತಮ್ಮ ಸಮಾಜಮಂದಿರಗಳಲ್ಲಿ ಚಿತ್ರಶಾಲೆಗಳನ್ನು ತೆರೆದು, ಮಕ್ಕಳ ಕೈಗೆ ಕುಂಚ ಕೊಟ್ಟು, ಪ್ರದರ್ಶನಗಳನ್ನು ನಡೆಸುತ್ತಾರೆಂದರೆ ಮೊದಲಿಗೆ ಸೋಜಿಗವೆನಿಸುತ್ತದೆ. ಆದರೆ ನಿಷೇಧವಿರುವುದು ಆರಾಧನೆಗೇ ಹೊರತು ಬಣ್ಣಕ್ಕಲ್ಲವೆಂದು ಅರ್ಥಮಾಡಿದ ಪಂಡಿತರೂ ಅವರಲ್ಲಿದ್ದರು. ಸಿರಿಯಾದ ಡ್ಯೂರಾ-ಯೂರೋಪಸ್ ಎಂಬ ಹಾಳೂರಿನಲ್ಲಿ 1932ರಲ್ಲಿ ಅಗೆದಾಗ ಬೆಳಕಿಗೆ ಬಂದ ಮೂರನೆಯ ಶತಮಾನದ ಪ್ರಾರ್ಥನಾಮಂದಿರದ ಗೋಡೆಗಳ ತುಂಬ ಬೈಬಲ್ ಕಥೆಗಳ ಚಿತ್ರಗಳಿದ್ದುವು. ಆದುದರಿಂದ ನಾನು ಹೇಳಹೊರಟಿರುವುದು ಧರ್ಮ ಬಿಟ್ಟವರ ಕಥೆಯಲ್ಲ.

1881ರಿಂದ 1924ರವರೆಗೆ ಪೂರ್ವ ಯೂರೋಪಿನಿಂದ ಸುಮಾರು 20 ಲಕ್ಷ ಯೆಹೂದ್ಯರು ಅಮೆರಿಕಕ್ಕೆ ವಲಸೆ ಹೋದರು. ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್ ಎಂಬ ಇಕ್ಕಟ್ಟಾದ ಕೇರಿಯಲ್ಲಿ ಇವರಿಗಾಗಿ 1889ರಲ್ಲಿ 'ಎಜುಕೇಷನಲ್ ಅಲಯನ್ಸ್' ಹುಟ್ಟಿತು. ಅದಕ್ಕೆ ಹಣ ಹಾಕಿದವರು ಮೊದಲೇ ಅಲ್ಲಿ ನೆಲೆನಿಂತು ಸಿರಿವಂತರಾಗಿದ್ದ ಜರ್ಮನ್ ಯೆಹೂದ್ಯರು. ಹೊಸಬರಿಗೆ ಇಂಗ್ಲಿಷ್ ಕಲಿಸಿ, ಬೇಗ ಅಮೆರಿಕನ್ನರನ್ನಾಗಿ ಮಾಡಬೇಕೆಂಬುದು ಇವರ ಆತುರ. ಅದರಲ್ಲಿ ಸ್ವಲ್ಪ ದೊಡ್ಡಸ್ತಿಕೆಯೂ ಬೆರೆತಿತ್ತೆಂದು ನನ್ನ ಅಭಿಪ್ರಾಯ. ಅದೇನೇ ಇರಲಿ, ಚಿತ್ರಕಲೆಯ ತರಗತಿಯಿಂದ ಒಳ್ಳೆಯ ಫಲವೇ ಬಂತು. ಅಲ್ಲಿ ಗೆರೆ ಎಳೆಯಲು ಕಲಿತವರಲ್ಲಿ ಒಬ್ಬನು ಜೇಕಬ್ ಎಪ್‌ಸ್ಟೈನ್. ಮುಂದೆ ಇಂಗ್ಲೆಂಡಿನಲ್ಲಿ ಹೆಸರಾಂತ ಶಿಲ್ಪಿಯಾಗಿ 1926ರಲ್ಲಿ ನಮ್ಮ ರವೀಂದ್ರನಾಥ ಠಾಕೂರರ ಎದೆಮಟ್ಟದ ಪ್ರತಿಮೆಯನ್ನು ಮಾಡಿದವನು ಇವನೇ.

ಕೆಲವು ಕಾಲ ನಿಂತುಹೋಗಿದ್ದ ಈ ಶಾಲೆಯನ್ನು 1917ರಲ್ಲಿ ಆಬೊ ಆಸ್ಟ್ರೋವ್‌ಸ್ಕಿ ಮತ್ತೆ ತೆರೆದನು. ಸೋಯರ್ ಸಹೋದರರು ಅಲ್ಲಿಗೆ ಬಂದವರು. ರಾಫೇಲ್ ಸೋಯರ್ 1926ರಲ್ಲಿ ಬರೆದ 'ನೃತ್ಯಪಾಠ'ದಲ್ಲಿ ತಂಗಿ ಅಣ್ಣನಿಗೆ ಹೊಸ ಕುಣಿತ ಕಲಿಸುತ್ತಿದ್ದಾಳೆ. ಹಿರಿಯರು ಕುಳಿತು ನೋಡುತ್ತಿದ್ದಾರೆ. ತಾಯಿಯ ಕೈಯಲ್ಲಿ ಯಿಡ್ಡಿಷ್ ಭಾಷೆಯ ಪತ್ರಿಕೆ. ಯಾರ ಮುಖದಲ್ಲೂ ನಗುವಿಲ್ಲ. ವಲಸೆ ಬಂದ ಮನೆಯ ಇಬ್ಬಂದಿತನವನ್ನು ಹೇಳಲು ಇನ್ನೇನು ಬೇಕು?

ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದಿರುವುದು ಬ್ರೂಕ್ಲಿನ್ನಿನ ಸಮಾಜಮಂದಿರ. ಪ್ರಾರ್ಥನೆ, ವ್ಯಾಯಾಮ, ಈಜುಕೊಳ, ಪಾಠಶಾಲೆ ಎಲ್ಲವೂ ಒಂದೇ ಸೂರಿನಡಿಯಲ್ಲಿ! ಇದರ 'ಸೆಂಟರ್ ಅಕಾಡೆಮಿ'ಗೆ 1929ರಲ್ಲಿ ಡ್ರಾಯಿಂಗ್ ಮೇಷ್ಟರಾಗಿ ಬಂದವನು ಮಾರ್ಕಸ್ ರಾಥ್ಕೊವಿಟ್ಜ್. 1903ರಲ್ಲಿ ಇಂದಿನ ಲಾಟ್ವಿಯಾದಲ್ಲಿ ಹುಟ್ಟಿ, ಹತ್ತರ ಪ್ರಾಯದಲ್ಲಿ ಅಮೆರಿಕಕ್ಕೆ ಬಂದು, ಯೇಲ್ ವಿಶ್ವವಿದ್ಯಾನಿಲಯವನ್ನು ನಡುವೆಯೇ ಬಿಟ್ಟವನು. ಮುಂದೆ ಮಾರ್ಕ್ ರಾಥ್ಕೊ ಎಂದು ಲೋಕಪ್ರಸಿದ್ಧನಾದವನು. ಮಕ್ಕಳಿಗೆ ಮಾತ್ರ ಅವನು 'ರಾಥ್ಕಿ'. 1952ರವರೆಗೆ ಈ ಮೇಷ್ಟರಿಕೆ ನಡೆಯಿತು.

ಅವನ ಪದ್ಧತಿ ಬಲು ಸರಳ. ಬಣ್ಣ, ಕಾಗದ, ಜೇಡಿಮಣ್ಣನ್ನು ಮಕ್ಕಳ ಮುಂದಿಡುವುದು, ಬೇಕಾದುದನ್ನು ಆರಿಸಿಕೊಳ್ಳಲು ಬಿಡುವುದು, ನಡುವೆ ಓಡಾಡುತ್ತ ಧೈರ್ಯ ಹೇಳುವುದು, ತಿದ್ದದಿರುವುದು. ಹಾಡುವುದು, ಮಾತಾಡುವುದು ಹೇಗೆ ಮಗುವಿಗೆ ಸಹಜವೋ ಚಿತ್ರವೂ ಹಾಗೆಯೇ ಎಂಬುದು ಅವನ ನಂಬಿಕೆ. ವ್ಯಾಕರಣ ಕಲಿತ ಮೇಲೆ ಮಾತಾಡು ಎಂದು ಯಾವ ತಾಯಿಯೂ ಕೂಸಿಗೆ ಹೇಳುವುದಿಲ್ಲವಷ್ಟೆ? ನಮ್ಮ ಪ್ರಾಥಮಿಕ ಶಾಲೆಯಲ್ಲಾದರೋ ಕರಿಹಲಗೆಯ ಮೇಲಿನ ಗಿಣಿಯನ್ನೂ ಮಾವಿನಕಾಯಿಯನ್ನೂ ನಕಲು ಮಾಡುವುದೇ ಚಿತ್ರಕಲೆಯಾಗಿತ್ತು; ನಲವತ್ತು ಸ್ಲೇಟುಗಳಲ್ಲಿ ನಲವತ್ತು ಮಾವಿನಕಾಯಿ! ಹೀಗೆ ತಿದ್ದದೆ ಬಿಟ್ಟರೆ ಕೈ ಪಳಗುವುದೆಂತು ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಆ ಶಾಲೆಯ ಮಕ್ಕಳೆಲ್ಲ ಚಿತ್ರಕಾರರಾಗಬೇಕೆಂದು ರಾಥ್ಕೊ ಬಯಸಿರಲಿಲ್ಲ. ಚಿತ್ರವನ್ನು ಕಂಡರೆ ಹೆದರದ ಜನ ಬೆಳೆಯಬೇಕೆಂದು ಬಯಸಿದ್ದನು.

ಇಲ್ಲಿಯೇ ಪ್ರದರ್ಶನದ ಮಾತು ಬರುತ್ತದೆ. ತಾನು ಬರೆದುದು ಗೋಡೆಗೇರಿದಾಗ ಮಗುವಿಗೆ ತನ್ನ ಮಾತನ್ನು ಹಿರಿಯರು ಕೇಳಿದರೆಂಬ ಭರವಸೆ ಹುಟ್ಟುತ್ತದೆ. 1933ರಲ್ಲಿ, ಆರ್ಥಿಕ ಕುಸಿತದ ನಡುವೆ, ತಾನು ಬೆಳೆದ ಪೋರ್ಟ್‌ಲೆಂಡ್ ನಗರದ ಕಲಾಸಂಗ್ರಹಾಲಯದಲ್ಲಿ ರಾಥ್ಕೊನ ಮೊಟ್ಟಮೊದಲ ಸ್ವಂತ ಪ್ರದರ್ಶನ ನಡೆಯಿತು. ಆಗ ಅವನಿಗೆ ಮೂವತ್ತು ವರ್ಷ, ಹೆಸರಿಲ್ಲ. ಗೋಡೆಯ ಒಂದೊಂದು ಮೊಳವನ್ನೂ ತನಗೇ ಇಟ್ಟುಕೊಳ್ಳಬಹುದಾಗಿದ್ದ ಅವನು ತನ್ನ ಚಿತ್ರಗಳ ಜೊತೆಯಲ್ಲಿ ಬ್ರೂಕ್ಲಿನ್ನಿನ ಶಿಷ್ಯರ ಚಿತ್ರಗಳನ್ನೂ ತೂಗುಹಾಕಿಸಿದನು. ಮರುವರ್ಷ, 1934ರಲ್ಲಿ, ಆ ಮಕ್ಕಳ ಚಿತ್ರಗಳು ಬ್ರೂಕ್ಲಿನ್ ವಸ್ತುಸಂಗ್ರಹಾಲಯದಲ್ಲಿಯೇ ಪ್ರದರ್ಶಿತವಾದುವು. ತನ್ನ ಬೋಧನಕ್ರಮವನ್ನು ಕುರಿತು ಅವನು ಸಮಾಜಮಂದಿರದ ಪತ್ರಿಕೆಗೆ ಲೇಖನವನ್ನೂ ಬರೆದನು. ದುಡಿದು ದಣಿದ ತಂದೆತಾಯಂದಿರು ಮಕ್ಕಳ ಹೆಸರನ್ನು ಸಂಗ್ರಹಾಲಯದಲ್ಲಿ ಓದಿದಾಗ ಏನೆಂದುಕೊಂಡರೋ ಎಂದು ನಾನು ಹಲವು ಬಾರಿ ಯೋಚಿಸಿದ್ದೇನೆ.

ಬ್ರೂಕ್ಲಿನ್ನಿನ ಆ ಕಟ್ಟಡದಲ್ಲಿ ಈಗ ಹಸಿದಿ ಪಂಥದವರ ಬಾಲಕರ ಶಾಲೆಯಿದೆ. ಆದರೆ 1874ರಲ್ಲಿ ಆರಂಭವಾದ, ನ್ಯೂಯಾರ್ಕಿನ 92ನೆಯ ಬೀದಿಯ ಯೆಹೂದ್ಯ ಸಮಾಜಮಂದಿರದಲ್ಲಿ ಚಿತ್ರಕಲೆಯ ಮತ್ತು ಕುಂಬಾರಿಕೆಯ ತರಗತಿಗಳು ಇಂದಿಗೂ ನಡೆಯುತ್ತಿವೆ. ಯಾವ ಮತದವರಾದರೂ ಹೋಗಿ ಸೇರಬಹುದು.