ನಿಮಗಿದು ಗೊತ್ತೇ? ಯಮುನೆಯ ನೀರು ಕುಡಿದ ಬಲ್ಲಹರು

ಗುರುಗ್ರಾಮದ ಮಾಲ್‌ನಲ್ಲಿ ಕೂತು ‘ಬಾಹುಬಲಿ’ಯ ಮಾಹಿಷ್ಮತಿಯನ್ನು ಬಾಯಿಬಿಟ್ಟುಕೊಂಡು ನೋಡಿದ ಕನ್ನಡಿಗರಿಗೆ ಮೊದಲ ಪ್ರಶ್ನೆ. ಅದು ಕಟ್ಟುಕತೆ, ಸರಿ. ದಖ್ಖನಿನಿಂದ ಹೊರಟು, ದೆಹಲಿಯ ನಾವು ನೋಯ್ಡಾಕ್ಕೆ ಹೋಗುವಾಗ ದಾಟುವ ಇದೇ ಯಮುನೆಯ ಬಯಲಿಗೆ ಮೂರು ಸಲ ದಂಡು ತಂದ ನಿಜವಾದ ಸಾಮ್ರಾಜ್ಯ ಯಾವುದು? ರಾಷ್ಟ್ರಕೂಟರದು. ಅಮೋಘವರ್ಷ ಬೆಳೆಸಿದ ಅದರ ರಾಜಧಾನಿ ಮಾನ್ಯಖೇಟ, ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ ಇಂದಿನ ಮಳಖೇಡ. 2016ರಲ್ಲಿ ಗುಡಗಾಂವ್‌ಗೆ ‘ಗುರುಗ್ರಾಮ’ ಎಂಬ ಹೆಸರು ಬಂತು. ಮಳಖೇಡಕ್ಕೆ ಹಳೆಯ ಹೆಸರು ಮರಳುವ ಯೋಗ ಇನ್ನೂ ಬಂದಿಲ್ಲ.

ಮೊದಲು ಬಂದವನು ಧ್ರುವ, 8ನೇ ಶತಮಾನದ ಕೊನೆಯಲ್ಲಿ. ಪ್ರತೀಹಾರ ವತ್ಸರಾಜನನ್ನೂ ಬಂಗಾಳದ ಧರ್ಮಪಾಲನನ್ನೂ ಸೋಲಿಸಿದ. ಊರಿಗೆ ಹಿಂದಿರುಗಿದ ಮೇಲೆ ಗಂಗೆ, ಯಮುನೆಯರು ರಾಷ್ಟ್ರಕೂಟರ ಲಾಂಛನದಲ್ಲಿ ಸೇರಿಕೊಂಡರು. ಎಲ್ಲೋರದ ಕೈಲಾಸ ದೇವಾಲಯದ ಅಂಗಳದಲ್ಲಿ ಗಂಗೆ, ಯಮುನೆ, ಸರಸ್ವತಿಯರಿಗೆಂದೇ ಒಂದು ಗುಡಿಯಿದೆ.

ಆಮೇಲೆ ಮಗ ಮುಮ್ಮಡಿ ಗೋವಿಂದ. ಅವನ ಕುದುರೆಗಳು ಹಿಮಾಲಯದ ತೊರೆಗಳ ನೀರು ಕುಡಿದವು ಎನ್ನುತ್ತದೆ ಸಂಜಾನ್ ತಾಮ್ರಪಟ. ಶಾಸನ ಕವಿಗಳ ಮಾತನ್ನು ಅರ್ಧಕ್ಕೆ ಅರ್ಧ ತಳ್ಳಿಹಾಕಿದರೂ ಉಳಿಯುವುದು ಕಡಿಮೆಯೇನಲ್ಲ. ಆ ದಂಡಯಾತ್ರೆಯಿಂದ ಮರಳುವಾಗ ಬೀಡುಬಿಟ್ಟಿದ್ದಲ್ಲೇ ಅಮೋಘವರ್ಷ ಹುಟ್ಟಿದ. ‘ಕವಿರಾಜಮಾರ್ಗ’ದ ದೊರೆ ಹುಟ್ಟಿದ್ದು ಕನ್ನಡನಾಡಿನಲ್ಲಲ್ಲ, ಅಪ್ಪನ ದಂಡಿನ ದಾರಿಯಲ್ಲಿ! ದೆಹಲಿಯಲ್ಲಿ ಮಕ್ಕಳನ್ನು ಹೆತ್ತು ‘ನಮ್ಮ ಮಗುವಿಗೆ ಕನ್ನಡ ಬರುತ್ತದೋ ಇಲ್ಲವೋ’ ಎಂದು ಕೊರಗುವವರು ಇದನ್ನು ನೆನಪಿಟ್ಟುಕೊಳ್ಳಬಹುದು.

ಮೂರನೆಯವನು ಮುಮ್ಮಡಿ ಇಂದ್ರ. 916ರ ಸುಮಾರಿಗೆ ಯಮುನೆ ದಾಟಿ ಪ್ರತೀಹಾರರ ರಾಜಧಾನಿ ಕನ್ನೌಜಿಗೇ ನುಗ್ಗಿದ. ಆ ದಂಡಿನಲ್ಲಿ ಪಂಪನ ಆಶ್ರಯದಾತ ಅರಿಕೇಸರಿಯ ತಂದೆ ನರಸಿಂಹನೂ ಇದ್ದ.

ಅರಬ್ ವರ್ತಕರು ಇವರನ್ನು ಏನೆಂದು ಕರೆಯುತ್ತಿದ್ದರು ಗೊತ್ತೇ? ‘ಬಲ್ಹರಾ’. ಅಂದರೆ ವಲ್ಲಭರಾಜ, ನಮ್ಮ ಬಾಯಲ್ಲಿ ‘ಬಲ್ಲಹ’. ಬಾಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ರೂಮಿನ (ಬೈಜಾಂಟಿಯಂನ) ದೊರೆ, ನಾಲ್ಕನೆಯವನು ಬಲ್ಹರಾ: 851ರ ಹೊತ್ತಿಗೆ ಜಗತ್ತಿನ ದೊಡ್ಡ ಅರಸರ ಪಟ್ಟಿ ಇಷ್ಟೇ.

ಇನ್ನು ಆಡಳಿತ. ಗಂಗವಾಡಿ 96000, ಬನವಾಸಿ 12000, ಬೆಳ್ವೊಲ 300. ನಾಡಿನ ಹೆಸರಿಗೆ ಅಂಟಿದ ಈ ಸಂಖ್ಯೆ ಹಳ್ಳಿಗಳ ಲೆಕ್ಕವೋ ಕಂದಾಯದ ಲೆಕ್ಕವೋ ಎಂಬ ಜಗಳ ವಿದ್ವಾಂಸರಲ್ಲಿ ಮುಗಿದಿಲ್ಲ. ರಾಷ್ಟ್ರಕ್ಕೆ ರಾಷ್ಟ್ರಪತಿ, ವಿಷಯಕ್ಕೆ ವಿಷಯಪತಿ. ಹೌದು, ರಾಷ್ಟ್ರಪತಿ ಎಂದರೆ ಆಗ ಒಂದು ಪ್ರಾಂತದ ಅಧಿಕಾರಿ, ಅಷ್ಟೇ. ರೈಸಿನಾ ಗುಡ್ಡದ ಮನೆ ಅವನಿಗಿರಲಿಲ್ಲ.

ಪಟ್ಟ ಹಿರಿಯ ಮಗನಿಗೇ ಎಂಬ ನಿಯಮವೂ ಗಟ್ಟಿಯಿರಲಿಲ್ಲ. ಧ್ರುವ ಅಣ್ಣನನ್ನು ಕೆಳಗಿಳಿಸಿ ಗದ್ದುಗೆ ಏರಿದ. ಅವನ ಮಗ ಗೋವಿಂದನ ಮೇಲೆ ಅಣ್ಣ ಸ್ತಂಭ ಹನ್ನೆರಡು ಅರಸರನ್ನು ಕಟ್ಟಿಕೊಂಡು ಬಂದು ಸೋತ. ಗೋವಿಂದ ತಲೆ ತೆಗೆಯಲಿಲ್ಲ, ಮತ್ತೆ ಗಂಗವಾಡಿಯ ಅಧಿಕಾರವನ್ನೇ ಕೊಟ್ಟ.

ಹೆಣ್ಣುಮಗಳೊಬ್ಬಳು ನಾಡನ್ನಾಳಿದ್ದು? ನಾಗರಖಂಡ 70ರ ಜಕ್ಕಿಯಬ್ಬೆ. ಗಂಡ ಸತ್ತ ಮೇಲೆ, 911ರಲ್ಲಿ, ಅವನ ಅಧಿಕಾರ ಅವಳಿಗೆ ಬಂತು. ಕಾಯಿಲೆ ಬಿದ್ದಾಗ ಮಗಳಿಗೆ ಅದನ್ನೊಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ವ್ರತ ಹಿಡಿದು ದೇಹ ಬಿಟ್ಟಳು. ಮಗಳಿಗೆ! ಶಾಸನದ ಈ ಒಂದು ಸಾಲಿನ ಮುಂದೆ ನಾನು ಹಲವು ಸಲ ನಿಂತಿದ್ದೇನೆ.

ಅದಕ್ಕಿಂತ ಅಚ್ಚರಿ ಬೇಕೆ? ಕೊಂಕಣದ ಸಂಜಾನ್ ಮಂಡಲವನ್ನು ಬಲ್ಲಹರ ಪರವಾಗಿ ಆಳುತ್ತಿದ್ದವನು ಒಬ್ಬ ಅರಬ್ ಮುಸ್ಲಿಂ. ಮುಹಮ್ಮದ್ ಎಂಬ ಹೆಸರು ಸಂಸ್ಕೃತದ ಬಾಯಲ್ಲಿ ‘ಮಧುಮತಿ’ಯಾಗಿದೆ. 926ರ ಚಿಂಚಣಿ ತಾಮ್ರಪಟದ ಪ್ರಕಾರ ಆತ ಹೊಳೆ ದಾಟಲು ಪುಕ್ಕಟೆ ದೋಣಿ ಬಿಡಿಸಿದ, ಅನ್ನಸತ್ರ ತೆರೆಸಿದ. ಬಡಿಸುತ್ತಿದ್ದುದು ಅನ್ನ, ವ್ಯಂಜನ, ತುಪ್ಪ. ದೇವಿಯ ಮಠವೊಂದಕ್ಕೆ ಅವನ ಕಾಲದಲ್ಲಿ ಭೂಮಿಯೂ ದತ್ತಿಯಾಯಿತು.

ಸಂಜಾನ್ ಪಟದಲ್ಲಿ ಅಮೋಘವರ್ಷನದೂ ಒಂದು ಸಂಗತಿಯಿದೆ. ನಾಡಿಗೆ ಬಂದ ಆಪತ್ತು ಕಳೆಯಲೆಂದು ಎಡಗೈಯ ಬೆರಳು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನಂತೆ.

ಉತ್ತರದಲ್ಲಿ ರಾಷ್ಟ್ರಕೂಟರ ಕನ್ನಡ ಉಳಿದಿದೆಯೇ? ಉಳಿದಿದೆ. ಮಧ್ಯಪ್ರದೇಶದ ಮೈಹರ್ ಹತ್ತಿರದ ಜೂರಾದಲ್ಲಿ ಮುಮ್ಮಡಿ ಕೃಷ್ಣನನ್ನು ಹೊಗಳುವ ಕಲ್ಲು ಸಿಕ್ಕಿದೆ. ಸಂಸ್ಕೃತದಲ್ಲಲ್ಲ, ಕನ್ನಡದಲ್ಲಿ. ಅಲ್ಲಿ ಅದನ್ನು ಓದುವವರು ಯಾರೆಂದುಕೊಂಡು ಕೆತ್ತಿಸಿದನೋ! ಆ ಹಟ ನನಗೆ ಇಷ್ಟ. ‘ಮದ್ರಾಸಿ’ ಎಂದು ಕರೆಯುವ ದೆಹಲಿಯ ಪಕ್ಕದ ಮನೆಯವರಿಗೆ ಒಮ್ಮೆ ಈ ಕತೆ ಹೇಳಿ ನೋಡಿ.

ಸಾಮ್ರಾಜ್ಯ ಬಿದ್ದದ್ದು ಬೇಗ. 972ರಲ್ಲಿ ಮಾಳವದ ಪರಮಾರ ಸೀಯಕ ಮಾನ್ಯಖೇಟವನ್ನು ಸೂರೆ ಮಾಡಿದ. ಮರುವರ್ಷ ಸ್ವಂತ ಸಾಮಂತ ತೈಲಪನೇ ಗದ್ದುಗೆ ಕಿತ್ತುಕೊಂಡ. ಸೂರೆಯ ವರ್ಷ ನಮಗೆ ಗೊತ್ತಾಗಿದ್ದು ಒಂದು ನಿಘಂಟಿನಿಂದ. ಧಾರಾನಗರದ ಕವಿ ಧನಪಾಲ ತನ್ನ ತಂಗಿಗಾಗಿ ಪ್ರಾಕೃತ ಪದಕೋಶವೊಂದನ್ನು ಬರೆದ. ಮಾಳವದವರು ಮಾನ್ಯಖೇಟ ಲೂಟಿ ಮಾಡಿದ ವರ್ಷ ಇದು ಮುಗಿಯಿತು ಎಂದು ಕೊನೆಗೆ ಗುರುತು ಹಾಕಿಟ್ಟ.

ನವದೆಹಲಿಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೊರಟಾಗ ಒಂದು ಸಲ ಕಲಬುರಗಿಯಲ್ಲೇ ಇಳಿಯಿರಿ. ಮಳಖೇಡ ಅಲ್ಲಿಂದ ಸುಮಾರು 40 ಕಿ.ಮೀ. ಕಾಗಿಣಾ ನದಿಯ ದಂಡೆಯಲ್ಲಿ ಹಳೆಯ ಕೋಟೆಯಿದೆ, ಊರಲ್ಲಿ ಸಿಮೆಂಟ್ ಕಾರ್ಖಾನೆಯಿದೆ.