ನಿಂಬೆ ಮುಳ್ಳು, ಕಂಕುಳ ಗಂಟು

ಉಪ್ಪಿನಕಾಯಿಗೆಂದು ಹಿತ್ತಲಿನ ನಿಂಬೆ ಗಿಡಕ್ಕೆ ಕೈ ಹಾಕಿದ್ದೆ. ತೋರುಬೆರಳಿಗೆ ಮುಳ್ಳು ಚುಚ್ಚಿ ಒಳಗೇ ಮುರಿಯಿತು. ಸೂಜಿಯಿಂದ ಕೆದಕಿ ತೆಗೆದು, ಅರಿಶಿನ ಒತ್ತಿ ಮರೆತೆ. ಮರುದಿನ ಬೆಳಿಗ್ಗೆ ಬೆರಳು ಕೆಂಪಗೆ ಊದಿತ್ತು. ಮುಟ್ಟಿದರೆ ಬಿಸಿ, ಎದೆಬಡಿತದ ತಾಳಕ್ಕೆ ಸರಿಯಾಗಿ ಪಟಪಟನೆ ಸಿಡಿತ. ಮೂರನೇ ದಿನ ಮುಳ್ಳಿದ್ದ ಜಾಗದಲ್ಲಿ ಕೀವಿನ ಹಳದಿ ಚುಕ್ಕೆ, ಕಂಕುಳಲ್ಲಿ ಗೋಲಿಯಷ್ಟು ದಪ್ಪನೆಯ ಗಂಟು. ಗಾಯವಾದದ್ದು ಬೆರಳಿಗೆ, ಗಂಟು ಕಟ್ಟಿದ್ದು ಕಂಕುಳಲ್ಲಿ!

ಇದರ ಹಿಂದಿರುವ ರೋಗನಿರೋಧಕ ವಿಜ್ಞಾನದ ಒಂದು ಎಳೆ ಶುರುವಾದದ್ದೂ ಒಂದು ಮುಳ್ಳಿನಿಂದಲೇ. 1882ರ ಕೊನೆಯಲ್ಲಿ ಜೀವವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ಇಟಲಿಯ ಮೆಸ್ಸಿನಾದಲ್ಲಿದ್ದರು. ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದಾಗ ಈತ ಒಬ್ಬರೇ ಸೂಕ್ಷ್ಮದರ್ಶಕದ ಮುಂದೆ ಕೂತು ನಕ್ಷತ್ರಮೀನಿನ ಮರಿಗಳನ್ನು ನೋಡುತ್ತಿದ್ದರು. ಆ ಮರಿಗಳು ಗಾಜಿನಂತೆ ಪಾರದರ್ಶಕ. ಒಳಗೆ ಕೆಲವು ಜೀವಕೋಶಗಳು ತೆವಳುತ್ತಾ ಓಡಾಡುವುದು ಕಾಣುತ್ತದೆ. ಮರಿಗೆ ಮುಳ್ಳು ಚುಚ್ಚಿದರೆ ಇವು ಅದನ್ನು ಮುತ್ತಬಹುದಲ್ಲವೇ ಎಂದು ಅವರಿಗೆ ಹೊಳೆಯಿತು. ತೋಟದಿಂದ ಗುಲಾಬಿ ಮುಳ್ಳು ತಂದು ಚುಚ್ಚಿದರು. ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಕೋಶಗಳ ಜಾತ್ರೆ ನೆರೆದಿತ್ತು. ಭಕ್ಷಕ ಕೋಶಗಳ ಈ ಅಧ್ಯಯನಕ್ಕೆ 1908ರಲ್ಲಿ ಅವರಿಗೆ ನೊಬೆಲ್ ಬಂತು, ಪಾಲ್ ಎರ್ಲಿಕ್ ಜೊತೆಗೆ.

ನನ್ನ ಬೆರಳಿನ ಕೀವು ಆ ಜಾತ್ರೆ ಮುಗಿದ ಮೇಲೆ ಉಳಿದದ್ದು. ಅದರಲ್ಲಿದ್ದದ್ದು ಬಹುಪಾಲು ಸತ್ತ ನ್ಯೂಟ್ರೊಫಿಲ್‌ಗಳು, ಅಂದರೆ ಸೂಕ್ಷ್ಮಾಣುಗಳನ್ನು ನುಂಗಿ ತಾವೂ ಸಾಯುವ ಬಿಳಿ ರಕ್ತಕಣಗಳು. ನಮ್ಮ ಅಸ್ಥಿಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೊಫಿಲ್‌ಗಳನ್ನು ತಯಾರಿಸುತ್ತದೆ.

ಸಾಮಾನ್ಯವಾಗಿ ಈ ಕಥೆಯನ್ನು ಸೈನ್ಯ, ಕೋಟೆ, ಯುದ್ಧ ಎಂದು ಹೇಳಿ ಮುಗಿಸುತ್ತಾರೆ. ನನಗೆ ಆ ವರ್ಣನೆ ಅಷ್ಟು ಹಿಡಿಸುವುದಿಲ್ಲ. ಹೊಡೆದಾಟ ಇದರಲ್ಲಿ ಸುಲಭದ ಭಾಗ. ಯಾರಿಗೆ ಹೊಡೆಯಬೇಕು ಎಂದು ಗುರುತಿಸುವುದೇ ಕಷ್ಟ.

ಮೊದಲ ಗುರುತು ಒರಟು ಗುರುತು. ಹಳ್ಳಿಗೆ ಹೊಸಬರು ಕಾಲಿಟ್ಟರೆ ನಾಯಿ ಬೊಗಳುತ್ತದಲ್ಲ, ಹಾಗೆ. ಬಂದವನ ಹೆಸರು, ಕೆಲಸ ಅದಕ್ಕೆ ಗೊತ್ತಿಲ್ಲ. ಈ ಊರಿನ ವಾಸನೆಯಲ್ಲ ಎಂಬುದಷ್ಟೇ ಗೊತ್ತು. ಭಕ್ಷಕ ಕೋಶಗಳ ಮೈಮೇಲೂ ಇಂಥ ಮೂಗುಗಳಿವೆ. ಬ್ಯಾಕ್ಟೀರಿಯಾದ ಹೊರಪದರದ ಕೊಬ್ಬು-ಸಕ್ಕರೆ, ಅದು ಈಜಲು ಬಳಸುವ ಬಾಲದ ಪ್ರೊಟೀನು ನಮ್ಮ ದೇಹದಲ್ಲಿ ಎಲ್ಲೂ ಇಲ್ಲ. ಅವು ತಾಗಿದ ಕೂಡಲೇ ಬೊಗಳಾಟ ಶುರು. ಇಂಥದ್ದೊಂದು ಮೂಗು ಇರಲೇಬೇಕೆಂದು ವಿಜ್ಞಾನಿ ಚಾರ್ಲ್ಸ್ ಜೇನ್‌ವೇ 1989ರಲ್ಲೇ ತರ್ಕಿಸಿದ್ದರು. ಮುಂದೆ ಜೂಲ್ಸ್ ಹಾಫ್‌ಮನ್ ಹಣ್ಣಿನ ನೊಣದಲ್ಲಿ, ಬ್ರೂಸ್ ಬಾಯ್ಟ್ಲರ್ ಇಲಿಯಲ್ಲಿ ಅದನ್ನು ತೋರಿಸಿಕೊಟ್ಟರು. ಬೆರಳು ಊದಿ ಬಿಸಿಯಾದದ್ದು ಈ ಬೊಗಳಾಟಕ್ಕೆ: ರಕ್ತನಾಳಗಳು ಹಿಗ್ಗಿ, ಸೋರಿ, ನೆರವಿಗೆ ದಾರಿ ಬಿಡುತ್ತವೆ.

ಆದರೆ ನಾಳೆ ಯಾವ ವೈರಸ್ ಹುಟ್ಟುತ್ತದೋ ಯಾರಿಗೂ ಗೊತ್ತಿಲ್ಲ. ಹಿಂದೆಂದೂ ಕಾಣದವರ ಮುಖಚಹರೆಯನ್ನು ಮೊದಲೇ ಬರೆದಿಡುವುದು ಹೇಗೆ? ಮನುಷ್ಯನಲ್ಲಿ ಪ್ರೊಟೀನು ತಯಾರಿಸುವ ವಂಶವಾಹಿಗಳೇ ಸುಮಾರು 20,000. ಹೊರಗಿನವರನ್ನು ಗುರುತಿಸಿ ಅಂಟಿಕೊಳ್ಳುವ ಪ್ರತಿಕಾಯ ಎಂಬ ಪ್ರೊಟೀನುಗಳ ಬಗೆಗಳೋ ಕೋಟಿ ಕೋಟಿ. ಲೆಕ್ಕ ಹೊಂದುವುದಿಲ್ಲ. ಬಾಸೆಲ್‌ನಲ್ಲಿದ್ದ ಜಪಾನಿ ವಿಜ್ಞಾನಿ ಸುಸುಮು ತೊನೆಗಾವ 1976ರಲ್ಲಿ ಗಂಟು ಬಿಚ್ಚಿದರು. ಪ್ರತಿಕಾಯ ತಯಾರಿಸುವ ಬಿ ಕೋಶ ಬೆಳೆಯುವಾಗ ತನ್ನದೇ ಡಿಎನ್‌ಎಯನ್ನು ಕತ್ತರಿಸಿ, ಇಸ್ಪೀಟು ಎಲೆ ಕಲಸಿದಂತೆ ತುಂಡುಗಳನ್ನು ಕಲಸಿ ಜೋಡಿಸಿಕೊಳ್ಳುತ್ತದೆ. ಟಿ ಕೋಶ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳದ್ದೂ ಇದೇ ದಾರಿ ಎಂದು ಆಮೇಲೆ ತಿಳಿಯಿತು. ಒಂದೊಂದು ಕೋಶಕ್ಕೂ ಒಂದೊಂದು ಕೈ ಬೀಳುತ್ತದೆ. ಬೀಗವನ್ನೇ ನೋಡದೆ ಕೀಲಿ ತಯಾರಿಸುವ ಕೆಲಸ ಇದು. ಬಹುಪಾಲು ಕೀಲಿಗಳಿಗೆ ಜೀವಮಾನವಿಡೀ ಬೀಗವೇ ಸಿಗುವುದಿಲ್ಲ.

ಕಣ್ಣು ಮುಚ್ಚಿ ಕಲಸಿದರೆ ನಮ್ಮ ಮನೆಯ ಬೀಗಕ್ಕೇ ಕೂರುವ ಕೀಲಿಗಳೂ ಹುಟ್ಟುತ್ತವೆ. ಟಿ ಕೋಶಗಳಿಗೆ ಇದರ ಪರೀಕ್ಷೆ ನಡೆಯುವುದು ಎದೆಮೂಳೆಯ ಹಿಂದಿರುವ ಥೈಮಸ್ ಎಂಬ ಗ್ರಂಥಿಯಲ್ಲಿ. ಅಲ್ಲಿನ ಕೋಶಗಳು ಇನ್ಸುಲಿನ್‌ನಂಥ, ತಮಗೆ ಸಂಬಂಧವೇ ಇಲ್ಲದ ಅಂಗಗಳ ಪ್ರೊಟೀನುಗಳನ್ನೂ ಚೂರುಪಾರು ತಯಾರಿಸಿ ಮುಂದೆ ಹಿಡಿಯುತ್ತವೆ. ಗಟ್ಟಿಯಾಗಿ ಕಚ್ಚಿಕೊಂಡ ಟಿ ಕೋಶ ಅಲ್ಲೇ ಸಾಯುತ್ತದೆ. ಏನನ್ನೂ ಹಿಡಿಯಲಾರದ್ದೂ ಸಾಯುತ್ತದೆ. ನೂರರಲ್ಲಿ ಐದೂ ಹೊರಬರುವುದಿಲ್ಲ. ಹೀಗಿದ್ದೂ ಕಣ್ಣು ತಪ್ಪಿಸಿ ಬಂದವನ್ನು ತಡೆಯಲು ಬೇರೆಯೇ ಟಿ ಕೋಶಗಳಿವೆ. ಅವನ್ನು ಪತ್ತೆಹಚ್ಚಿದ ಶಿಮೊನ್ ಸಕಾಗುಚಿಗೆ ಇನ್ನಿಬ್ಬರ ಜೊತೆ 2025ರ ನೊಬೆಲ್ ಸಂದಿತು. ಆ ತಡೆಯೂ ಸೋತರೆ ದೇಹ ತನ್ನನ್ನೇ ತಿನ್ನತೊಡಗುತ್ತದೆ. ಮಕ್ಕಳಿಗೆ ಬರುವ ಟೈಪ್ 1 ಮಧುಮೇಹ ಅಂಥದ್ದು.

ವೈರಸ್ ನಮ್ಮ ಕೋಶದೊಳಗೇ ಅಡಗಿ ಕೂತರೆ? ಹೆಚ್ಚುಕಡಿಮೆ ಪ್ರತಿ ಕೋಶವೂ ಒಳಗಿನ ಪ್ರೊಟೀನುಗಳ ಚೂರುಗಳನ್ನು ಅಡುಗೆಮನೆಯ ಸಿಪ್ಪೆಯಂತೆ ಬಾಗಿಲಾಚೆ ಇಡುತ್ತಿರುತ್ತದೆ. ಟಿ ಕೋಶ ಆ ಸಿಪ್ಪೆ ನೋಡಿಯೇ ಒಳಗೇನು ಬೇಯುತ್ತಿದೆ ಎಂದು ಹೇಳಬಲ್ಲದು. ಸಿಪ್ಪೆ ಹೊರಗಿಡುವುದನ್ನೇ ನಿಲ್ಲಿಸಿಬಿಡುವ ಉಪಾಯ ಕೆಲವು ವೈರಸ್‌ಗಳಿಗೆ ಗೊತ್ತು. ಆದರೆ ಖಾಲಿ ಬಾಗಿಲು ಕಂಡರೆ ಸಂಶಯಪಡುವ ಇನ್ನೊಂದು ಬಗೆಯ ಕೋಶವೂ ಗಸ್ತು ತಿರುಗುತ್ತಿರುತ್ತದೆ.

ಇನ್ನು ಕಂಕುಳ ಗಂಟು. ಅದು ದುಗ್ಧಗ್ರಂಥಿ, ನನಗದು ಸಂತೆಮಾಳದ ಹಾಗೆ ಕಾಣುತ್ತದೆ. ಗಾಯದಿಂದ ಸೂಕ್ಷ್ಮಾಣುವಿನ ಚೂರುಗಳನ್ನು ಹೊತ್ತ ಕೋಶಗಳು ಅಲ್ಲಿಗೆ ಬಂದು ಸರಕು ಹರಡುತ್ತವೆ. ಟಿ ಕೋಶಗಳು ಸಾಲಾಗಿ ಮುಟ್ಟಿ ನೋಡಿ ಮುಂದೆ ಸಾಗುತ್ತವೆ. ಲಕ್ಷಕ್ಕೊಂದರ ಕೀಲಿ ಕೂತರೆ ಹೆಚ್ಚು. ಕೂತ ಕೋಶ ಎರಡಾಗಿ, ನಾಲ್ಕಾಗಿ, ಸಾವಿರಗಟ್ಟಲೆಯಾಗುತ್ತದೆ. ಗ್ರಂಥಿ ಊದುತ್ತದೆ. ಇದಕ್ಕೆ ದಿನಗಳು ಹಿಡಿಯುತ್ತವೆ; ಅಲ್ಲಿಯವರೆಗೆ ಬೊಗಳುವ ನಾಯಿಗಳೇ ಗತಿ.

ಹೀಗೆ ಹೆಚ್ಚಿದ ಕೋಶಗಳಲ್ಲಿ ಕೆಲವು ನೆನಪಾಗಿ ಉಳಿಯುತ್ತವೆ. ಎಷ್ಟು ಕಾಲ? ಉತ್ತರ ಅಟ್ಲಾಂಟಿಕ್‌ನ ಫಾರೋ ದ್ವೀಪಗಳಿಗೆ 1781ರಲ್ಲಿ ದಡಾರ (ಉತ್ತರ ಕರ್ನಾಟಕದವರ ಬಾಯಲ್ಲಿ ಗೊಬ್ಬರ) ಬಂದಿತ್ತು. ಮತ್ತೆ ಬಂದದ್ದು 1846ರಲ್ಲಿ. ಸುಮಾರು 7,800 ಜನರಲ್ಲಿ 6,000 ಮಂದಿ ಮಲಗಿದರು. ಅಲ್ಲಿಗೆ ಹೋದ ಡೆನ್ಮಾರ್ಕಿನ ಯುವ ವೈದ್ಯ ಪೀಟರ್ ಪಾನುಮ್ ಒಂದು ಸಂಗತಿ ಗಮನಿಸಿದ: 1781ರಲ್ಲಿ ದಡಾರ ಅನುಭವಿಸಿದ್ದ ಮುದುಕರಲ್ಲಿ ಒಬ್ಬರಿಗೂ ಅದು ಮತ್ತೆ ಬರಲಿಲ್ಲ. ಆಗ ತಪ್ಪಿಸಿಕೊಂಡಿದ್ದ ಮುದುಕರನ್ನು ಅದು ಬಿಡಲಿಲ್ಲ. 65 ವರ್ಷದ ನೆನಪು!

ಎಲ್ಲ ಕಾಯಿಲೆಗಳ ನೆನಪೂ ಹೀಗೆ ಉಳಿಯುತ್ತದೆ ಎಂದುಕೊಳ್ಳಬೇಡಿ. ಬೆರಳು ಹಿಡಿದುಕೊಂಡು ಕ್ಲಿನಿಕ್ಕಿಗೆ ಹೋದಾಗ ಡಾಕ್ಟರು ಮೊದಲು ಕೇಳಿದ್ದು, "ಟಿಟಿ ಯಾವಾಗ ಹಾಕಿಸ್ಕೊಂಡಿದ್ರಿ?" ಎಂದು. ಟಿಟಿ ಅಂದರೆ ಧನುರ್ವಾಯುವಿನ ಲಸಿಕೆ. ಧನುರ್ವಾಯುವಿನ ವಿಷ ಎಷ್ಟು ಉಗ್ರವೆಂದರೆ, ಕೊಲ್ಲಲು ಬೇಕಾದಷ್ಟು ವಿಷ ದೇಹಕ್ಕೆ ಅದರ ಗುರುತು ಹಿಡಿಯಲು ಸಾಲುವುದಿಲ್ಲ. ಆ ಕಾಯಿಲೆ ಬಂದು ಬದುಕುಳಿದವರಿಗೂ ಅದರ ನೆನಪು ಇರುವುದಿಲ್ಲ. ಆಸ್ಪತ್ರೆಯಿಂದ ಎದ್ದು ಬಂದವರೂ ಫಾರ್ಮಲಿನ್‌ನಿಂದ ಹಲ್ಲು ಕಿತ್ತ ಅದೇ ವಿಷವನ್ನು ಲಸಿಕೆಯಾಗಿ ಚುಚ್ಚಿಸಿಕೊಳ್ಳಬೇಕು. ನಾನು ಹಾಕಿಸಿಕೊಂಡದ್ದು ಯಾವಾಗ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ತೋಳು ಮುಂದೆ ಚಾಚಿದೆ.