ಇಮೇಲ್‌ಗೂ ಇದೆ ಕಪ್ಪುಪಟ್ಟಿ: ಪಟ್ಟಿ ಮಾಡೋರನ್ನ ಕೇಳೋರು ಯಾರು?

ಗ್ರಾಹಕರಿಗೆ ಕೊಟೇಶನ್ ಮೇಲ್ ಮಾಡಿದ್ದೀರಿ. ಎರಡೇ ನಿಮಿಷಕ್ಕೆ ‘ಬ್ಲಾಕ್‌ಲಿಸ್ಟೆಡ್’ ಅಂತ ವಾಪಸ್ ಬಂತು. ನೀವು ಯಾರಿಗೂ ಸ್ಪ್ಯಾಮ್ ಕಳಿಸಿಲ್ಲ. ಹಾಗಾದ್ರೆ ತಡೆದಿದ್ದು ಯಾರು?

ಪ್ರತಿ ಮೇಲ್ ಸರ್ವರ್‌ಗೂ ಒಂದು ಐಪಿ ವಿಳಾಸ ಇರುತ್ತೆ. ಸ್ಪ್ಯಾಮ್ ಕಳಿಸುವ ಐಪಿಗಳ ಪಟ್ಟಿಯನ್ನು ಕೆಲವು ಖಾಸಗಿ ಸಂಸ್ಥೆಗಳು ಇಟ್ಟುಕೊಂಡಿವೆ. ಮೇಲ್ ಸ್ವೀಕರಿಸುವ ಸರ್ವರ್ ಮೊದಲು ಆ ಪಟ್ಟಿಯನ್ನು ವಿಚಾರಿಸುತ್ತೆ. ಅಲ್ಲಿ ನಿಮ್ಮ ಐಪಿ ಇದ್ರೆ ಮೇಲ್ ಬಾಗಿಲಿಂದಲೇ ವಾಪಸ್. ಒಂದೇ ಸರ್ವರ್‌ನಲ್ಲಿ ಹತ್ತಾರು ಸಣ್ಣ ವ್ಯಾಪಾರಿಗಳ ಮೇಲ್ ಇದ್ದರೆ, ಒಬ್ಬರ ತಪ್ಪಿಗೆ ಎಲ್ಲರಿಗೂ ಪೆಟ್ಟು.

ಪಟ್ಟಿಗಳು ಬೇಕೇ ಬೇಕು, ಇಲ್ಲದಿದ್ರೆ ಇನ್‌ಬಾಕ್ಸ್ ತಿಪ್ಪೆಗುಂಡಿ ಆಗುತ್ತೆ. ಆದರೆ ನಡೆಸೋರೇ ಎಡವಿದರೆ? 2003ರ ಆಗಸ್ಟ್‌ನಲ್ಲಿ ಒಸಿರುಸಾಫ್ಟ್ ಎಂಬ ಪಟ್ಟಿ ಮುಚ್ಚುವಾಗ ಜಗತ್ತಿನ ಎಲ್ಲ ಐಪಿಗಳನ್ನೂ ಸ್ಪ್ಯಾಮ್ ಎಂದುಬಿಟ್ಟಿತು. 2006ರಲ್ಲಿ ನಿಂತುಹೋಗಿದ್ದ ಓಆರ್‌ಡಿಬಿ ಕೂಡ 2008ರ ಮಾರ್ಚ್‌ನಲ್ಲಿ ಇದನ್ನೇ ಮಾಡಿತು. ಅದನ್ನು ಸೆಟ್ಟಿಂಗ್‌ನಿಂದ ತೆಗೆಯದೇ ಬಿಟ್ಟಿದ್ದ ಸರ್ವರ್‌ಗಳು ಒಳ್ಳೆಯ ಮೇಲ್‌ಗಳನ್ನೂ ತಿರಸ್ಕರಿಸಿದವು.

ಕೋರ್ಟ್ ದಾರಿಯೂ ಸುಲಭವಲ್ಲ. ಅಮೆರಿಕದ ಇ360 ಕಂಪನಿ ಸ್ಪ್ಯಾಮ್‌ಹೌಸ್ ವಿರುದ್ಧ 2006ರಲ್ಲಿ 1.17 ಕೋಟಿ ಡಾಲರ್ ಪರಿಹಾರದ ಆದೇಶ ಪಡೆದಿತ್ತು. ಮೇಲ್ಮನವಿಗಳೆಲ್ಲ ಮುಗಿದು 2011ರಲ್ಲಿ ಕೈಗೆ ಬಂದಿದ್ದು ಬರೀ 3 ಡಾಲರ್!

ಹಾಗಂತ ನಿಯಮಗಳೇ ಇಲ್ಲ ಅಂತಲ್ಲ. 2012ರ ಜನವರಿಯಲ್ಲಿ ಪ್ರಕಟವಾದ ಆರ್‌ಎಫ್‌ಸಿ 6471 ಎಂಬ ದಾಖಲೆ ಪಟ್ಟಿ ನಡೆಸುವವರಿಗೆ ಹೇಳುವುದಿಷ್ಟು:

• ಯಾವ ಕಾರಣಕ್ಕೆ ಸೇರಿಸುತ್ತೀರಿ, ಹೇಗೆ ತೆಗೆಯುತ್ತೀರಿ ಎಂಬುದು ಬಹಿರಂಗವಾಗಿರಲಿ.
• ಸೇರಿಸಿದ್ದಕ್ಕೆ ದಾಖಲೆ ಇಡಿ.
• ಹೆಸರು ತೆಗೆಯಲು ಮನವಿ ಕೊಡುವ ದಾರಿ ಇರಲಿ, ಅದಕ್ಕೆ ಬೇಗ ಉತ್ತರಿಸಿ.
• ತೆಗೆಯಲು ದುಡ್ಡು ಕೇಳಬೇಡಿ. ಅದು ಸುಲಿಗೆಗೆ ಸಮೀಪದ ಕೆಲಸ.
• ಪಟ್ಟಿ ಮುಚ್ಚುವಾಗ ಇಡೀ ಜಗತ್ತನ್ನು ಬ್ಲಾಕ್ ಮಾಡಬೇಡಿ.

ಇದು ಕಾನೂನಲ್ಲ, ಸಲಹೆ ಮಾತ್ರ. ಮುರಿದರೆ ದಂಡವಿಲ್ಲ. ಹಾಗಾಗಿ ನಿಜವಾದ ಅಂಕುಶ ಇರೋದು ಪಟ್ಟಿ ಬಳಸುವವರ ಕೈಲಿ. ಎಷ್ಟೇ ದೊಡ್ಡ ಪಟ್ಟಿಯಾದರೂ ತಾನಾಗಿ ಮೇಲ್ ತಡೆಯಲ್ಲ. ಅದನ್ನು ನಂಬಿದ ಸರ್ವರ್ ತಡೆಯುತ್ತೆ. ನಂಬೋರು ಬಿಟ್ಟರೆ ಪಟ್ಟಿಗೆ ಬೆಲೆಯಿಲ್ಲ.

ನೀವೇನು ಮಾಡಬೇಕು? ವಾಪಸ್ ಬಂದ ಮೇಲ್ ಅಳಿಸಬೇಡಿ. ಯಾವ ಪಟ್ಟಿ, ಯಾವ ಐಪಿ ಅನ್ನೋದು ಸಾಮಾನ್ಯವಾಗಿ ಅದರಲ್ಲೇ ಇರುತ್ತೆ. ಅದನ್ನು ನಿಮ್ಮ ಹೋಸ್ಟಿಂಗ್ ಕಂಪನಿಗೆ ಕಳಿಸಿ. ಮೊದಲು ಸ್ಪ್ಯಾಮ್‌ನ ಮೂಲ ಸರಿಪಡಿಸಿ, ಆಮೇಲೆ ಹೆಸರು ತೆಗೆಸಲು ಮನವಿ ಕೊಡಿ ಎನ್ನಿ. ಮೇಲ್ ತಿರಸ್ಕರಿಸಿದ ಕಚೇರಿಗೂ ಒಂದು ಫೋನ್ ಮಾಡಿ. ಆ ಪಟ್ಟಿಯನ್ನು ಆರಿಸಿಕೊಂಡೋರು ಅವರೇ ತಾನೇ?